ಆಯುಧ ಹೂತಿಟ್ಟ ಪೈನ್ ಮರ

ಮಕ್ಕಳೇ, ವಿಜಯದಶಮಿಯ ದಿನ ಬನ್ನಿ ಎಲೆ ಕೊಟ್ಟು ದೊಡ್ಡವರ ಕಾಲಿಗೆ ನಮಸ್ಕಾರ ಮಾಡಿರುತ್ತೀರಿ. ಬನ್ನಿ ಸಿಗದ ವರ್ಷ ಅಮ್ಮ ಯಾವುದೋ ಹಿತ್ತಿಲ ಎಲೆಯನ್ನೇ ಬನ್ನಿ ಎಂದು ಕೈಗಿಟ್ಟಿರಲೂಬಹುದು. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬನ್ನಿ ಮರದ ಮೇಲೆ ಬಚ್ಚಿಟ್ಟರು, ವರ್ಷ ತುಂಬಿದ ಮೇಲೆ ಇಳಿಸಿಕೊಂಡು ಯುದ್ಧಕ್ಕೆ ಹೋದರು ಎಂಬ ಕತೆ ನಿಮಗೆ ಗೊತ್ತೇ ಇದೆ. ಮೈಸೂರಿನ ಜಂಬೂಸವಾರಿ ಇವತ್ತಿಗೂ ಹೋಗಿ ನಿಲ್ಲುವುದು ಬನ್ನಿಮಂಟಪದಲ್ಲಿ.

ನೀವೀಗ ಬೆಳೆಯುತ್ತಿರುವ ಉತ್ತರ ಅಮೆರಿಕದಲ್ಲೂ ಆಯುಧದ ಕತೆ ಇರುವ ಒಂದು ಮರವಿದೆ. ಅದು ಬಿಳಿ ಪೈನ್. ಇಲ್ಲಿಯ ಕತೆಯಲ್ಲಿ ಆಯುಧ ಇಟ್ಟದ್ದು ಕೊಂಬೆಯ ಮೇಲಲ್ಲ, ಬೇರಿನ ಕೆಳಗೆ. ಮತ್ತೆಂದೂ ಕೈಗೆ ಸಿಗಬಾರದು ಎಂದೇ ಇಟ್ಟದ್ದು.

ಮೊದಲು ಮರದ ಗುರುತು ಹಿಡಿಯೋಣ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಕೆನಡಾದ ಒಂಟಾರಿಯೊ, ಕ್ವಿಬೆಕ್‌ಗಳಲ್ಲಿ ನೀವಿದ್ದರೆ ಮನೆಯ ಹಿಂದೋ ಶಾಲೆಯ ಬಯಲಿನ ಅಂಚಿನಲ್ಲೋ ಅದು ಇದ್ದೀತು. ಕೆಳಗೆ ಬಿದ್ದ ಸಣ್ಣ ಟೊಂಗೆಯೊಂದನ್ನು ಎತ್ತಿಕೊಳ್ಳಿ. ಎಲೆಗಳು ಸೂಜಿಯಷ್ಟು ಸಪೂರ, ಮೂರ್ನಾಲ್ಕು ಇಂಚು ಉದ್ದ, ಆದರೆ ಚುಚ್ಚುವುದಿಲ್ಲ. ಒಂದು ಎಲೆಯನ್ನು ಕೀಳಲು ಹೋದರೆ ಗೊಂಚಲೇ ಕಿತ್ತು ಬರುತ್ತದೆ. ಅದರ ಬುಡ ಒಂದೇ, ಬುಡದಿಂದ ಹೊರಟ ಎಲೆಗಳು ಎಷ್ಟು? ಎಣಿಸಿ. ಎರಡಿದ್ದರೆ ಅದು ಕೆಂಪು ಪೈನ್ ಇರಬಹುದು, ಮೂರಿದ್ದರೆ ಪಿಚ್ ಪೈನ್ ಇರಬಹುದು. ಐದಿದ್ದರೆ ನಾನು ಹೇಳುತ್ತಿರುವ ಮರ ಸಿಕ್ಕಿತು ಎನ್ನಿ. ಬೆರಳಿಗೆ ಅಂಟು ಮೆತ್ತಿಕೊಂಡರೆ ಬರೀ ಸೋಪಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ.

ಅಕ್ಟೋಬರಿನಲ್ಲಿ ಈ ಮರದ ಒಳಗಿನ ಎಲೆಗಳು ಹಳದಿಯಾಗಿ ಉದುರುವುದನ್ನು ಕಂಡು ಮರ ಸಾಯುತ್ತಿದೆ ಎಂದು ಹೆದರುವವರುಂಟು. ಸಾಯುತ್ತಿಲ್ಲ. ಒಂದೊಂದು ಎಲೆಗೂ ಸುಮಾರು ಎರಡು ವರ್ಷ ಆಯುಸ್ಸು. ಹಳೆಯದು ಉದುರುವ ಹೊತ್ತಿಗೆ ಆ ವರ್ಷದ ಹೊಸದು ಕೊಂಬೆಯಲ್ಲಿ ಇದ್ದೇ ಇರುತ್ತದೆ, ಆದ್ದರಿಂದ ಮರ ಎಂದೂ ಬೋಳಾಗುವುದಿಲ್ಲ. ಊರಿಂದ ಬಂದ ಅಜ್ಜಿ ಇದನ್ನು ನೋಡಿ “ಸರ್ವೆ ಮರ ಅಲ್ವೇನೋ ಇದು?” ಎಂದರೆ ನಗಬೇಡಿ. ಸರ್ವೆ ನೋಡಲು ಹೀಗೇ ಇರುತ್ತದೆ, ಗಾಳಿ ಬಂದಾಗ ಸದ್ದೂ ಹೀಗೇ. ಆದರೆ ಎರಡೂ ಬೇರೆ ಬೇರೆ ಕುಲದ ಮರಗಳು.

ಇನ್ನು ಕತೆ. ಯುರೋಪಿನವರು ಇಲ್ಲಿಗೆ ಕಾಲಿಡುವುದಕ್ಕೂ ಮುಂಚಿನದು ಎಂದು ಅದನ್ನು ಹೇಳುವ ಜನ ಹೇಳುತ್ತಾರೆ. ಇಂದಿನ ನ್ಯೂಯಾರ್ಕ್ ರಾಜ್ಯದಲ್ಲಿ ಮೊಹಾಕ್, ಒನೈಡ, ಒನೊಂಡಾಗ, ಕಯೂಗ, ಸೆನೆಕ ಎಂಬ ಐದು ಜನಾಂಗಗಳಿದ್ದವು. ಭಾಷೆಗಳು ಅಕ್ಕತಂಗಿಯರು, ಆದರೂ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಅವರು ನಮ್ಮವನನ್ನು ಕೊಂದರು ಎಂದು ಇವರು, ಇವರು ನಮ್ಮವನನ್ನು ಕೊಂದರು ಎಂದು ಅವರು, ಸೇಡಿಗೆ ಸೇಡು ಮುಗಿಯುತ್ತಲೇ ಇರಲಿಲ್ಲ.

ಆಗ ಒಂಟಾರಿಯೊ ಸರೋವರದ ಆಚೆ ದಡದಿಂದ ಕಲ್ಲಿನ ದೋಣಿಯಲ್ಲಿ ಒಬ್ಬರು ಬಂದರು. ಅವರ ಹೆಸರನ್ನು ಆ ಜನ ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ, ಶಾಂತಿಯನ್ನು ತಂದವರು ಎಂದಷ್ಟೇ ಹೇಳುತ್ತಾರೆ. ನಾವೂ ಶಾಂತಿದೂತ ಎನ್ನೋಣ. ಅವರ ಮಾತನ್ನು ಮೊದಲು ಒಪ್ಪಿಕೊಂಡವಳು ಜಿಗೊನ್ಸಾಸೆ ಎಂಬ ಹೆಂಗಸು. ಯುದ್ಧಕ್ಕೆ ಹೋಗುವ ಎಲ್ಲ ಪಕ್ಷದವರಿಗೂ ದಾರಿಯಲ್ಲಿ ಊಟ ಹಾಕುತ್ತಿದ್ದವಳು ಅವಳು. ಎರಡನೆಯವನು ಹಯವಾಥ. ಹೆಣ್ಣುಮಕ್ಕಳನ್ನು ಕಳೆದುಕೊಂಡು, ದುಃಖ ತಡೆಯಲಾರದೆ ಕಾಡು ಸೇರಿದ್ದ. ಅವನಿಗೆ ಸಮಾಧಾನದ ಮಾತು ಹೇಳಿ, ಕಣ್ಣೊರೆಸಿ, ಶಾಂತಿದೂತರು ಜೊತೆಗೆ ಕರೆದುಕೊಂಡರು. (ನಿಮ್ಮ ಅಪ್ಪ ಅಮ್ಮ ಓದಿರಬಹುದಾದ ಲಾಂಗ್‌ಫೆಲೋ ಕವಿಯ 1855ರ ಕಾವ್ಯದ ನಾಯಕನಿಗೂ ಇದೇ ಹೆಸರು. ಆದರೆ ಆ ಕತೆ ಬಹುಮಟ್ಟಿಗೆ ಒಜಿಬ್ವೆ ಎಂಬ ಇನ್ನೊಂದು ಜನರದು, ಕವಿ ಹೆಸರನ್ನು ಮಾತ್ರ ಇಲ್ಲಿಂದ ಒಯ್ದ.)

ನಾಲ್ಕು ಜನಾಂಗಗಳು ಒಪ್ಪಿದವು. ಒನೊಂಡಾಗದವರ ನಾಯಕ ತದೊದಾಹೊ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮೈ ಸೊಟ್ಟ, ಮನಸ್ಸು ಸೊಟ್ಟ, ತಲೆಯ ತುಂಬ ಕೂದಲ ಬದಲು ಹಾವು. ನಮ್ಮ ಕತೆಗಳಲ್ಲಾದರೆ ಇಂಥವನ ಗತಿ ಏನೆಂದು ನಿಮಗೇ ಗೊತ್ತು: ಬಕನಿಗೆ ಭೀಮ ಕಾದಿರುತ್ತಾನೆ, ನರಕನಿಗೆ ಕೃಷ್ಣ. ಇಲ್ಲಿ ಯಾರೂ ಅವನನ್ನು ಕೊಲ್ಲಲಿಲ್ಲ. ಎಲ್ಲರೂ ಸೇರಿ ಹಾಡುತ್ತ ಹತ್ತಿರ ಹೋದರು. ಹಯವಾಥ ಕೂತು ಅವನ ತಲೆ ಬಾಚಿ, ಹಾವುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದ. ಆಮೇಲೆ ಐದೂ ಜನಾಂಗಗಳ ಸಭೆಗೆ ಅವನನ್ನೇ ಮುಖ್ಯಸ್ಥನನ್ನಾಗಿ ಕೂರಿಸಿದರು. ಇಂದಿಗೂ ಆ ಸಭೆಯ ಮುಖ್ಯಸ್ಥರ ಪದವಿಗೆ ತದೊದಾಹೊ ಎಂದೇ ಹೆಸರು. ನನಗೆ ಇಡೀ ಕತೆಯಲ್ಲಿ ಮರಕ್ಕಿಂತ ಹೆಚ್ಚು ಹಿಡಿಸಿದ್ದು ಈ ತಲೆ ಬಾಚುವ ಜಾಗ.

ಮರ ಬರುವುದು ಇಲ್ಲಿ. ಒನೊಂಡಾಗ ಸರೋವರದ ದಡದಲ್ಲಿ ಎತ್ತರದ ಬಿಳಿ ಪೈನ್ ಒಂದನ್ನು ಬೇರುಸಹಿತ ಎಬ್ಬಿಸಿದರು. ಅದರ ಗುಂಡಿಗೆ ಗದೆ, ಕೊಡಲಿ, ಬಿಲ್ಲು, ಬಾಣ ಎಲ್ಲವನ್ನೂ ಎಸೆದರು. ನೆಲದಡಿಯಲ್ಲಿ ಹರಿಯುತ್ತಿದ್ದ ನೀರು ಅವನ್ನು ಕೊಚ್ಚಿಕೊಂಡು ಹೋಯಿತು. ಮರವನ್ನು ಮತ್ತೆ ಅಲ್ಲೇ ನೆಟ್ಟರು. ನಾಲ್ಕು ದಿಕ್ಕಿಗೆ ನಾಲ್ಕು ಬಿಳಿ ಬೇರು ಹರಡಿದವು. ಶಾಂತಿ ಬೇಕೆನ್ನುವ ಯಾರೇ ಆದರೂ ಆ ಬೇರಿನ ಜಾಡು ಹಿಡಿದು ಬಂದು ನೆರಳಿಗೆ ಸೇರಬಹುದು. ತುದಿಯಲ್ಲಿ ಹದ್ದು ಕೂತಿದೆ, ದೂರದಿಂದ ಬರುವ ಕೇಡನ್ನು ಮೊದಲು ಕಂಡು ಕೂಗಲಿಕ್ಕೆ. ಒಂದೇ ಬುಡದ ಐದು ಎಲೆ ಎಂದರೆ ಒಂದೇ ಒಕ್ಕೂಟದ ಐದು ಜನಾಂಗ ಎನ್ನುತ್ತಾರೆ. ನೀವು ಎಣಿಸಿದ್ದು ಅದನ್ನೇ. 18ನೇ ಶತಮಾನದ ಮೊದಲಲ್ಲಿ ದಕ್ಷಿಣದಿಂದ ನೆಲೆ ಕಳೆದುಕೊಂಡು ಬಂದ ಟಸ್ಕರೋರ ಜನರೂ ಸೇರಿ ಐದು ಆರಾಯಿತು.

ಈ ಒಕ್ಕೂಟದ ಜನ ತಮ್ಮನ್ನು ಹೋದಿನೊಶೋನಿ ಎಂದು ಕರೆದುಕೊಳ್ಳುತ್ತಾರೆ. ಪುಸ್ತಕಗಳಲ್ಲಿ ಕಾಣುವ ಇರೊಕ್ವಾ ಹೊರಗಿನವರು ಇಟ್ಟ ಹೆಸರು. ಅವರ ಮಹಾಸಭೆಯಲ್ಲಿ 50 ನಾಯಕರು. ಅವರನ್ನು ಆರಿಸುವವರು ಕುಲದ ಹಿರಿಯ ತಾಯಂದಿರು, ದಾರಿ ತಪ್ಪಿದರೆ ಕೆಳಗಿಳಿಸುವವರೂ ಅವರೇ. ಮೊದಲು ಒಪ್ಪಿದವಳು ಹೆಂಗಸು ಎಂಬ ಕಾರಣಕ್ಕೆ ಈ ಅಧಿಕಾರ.

ಅವರ ಧ್ವಜವನ್ನು ನೀವು ನೋಡಿರಬಹುದು. ನೇರಳೆ ಬಣ್ಣದ ಮೇಲೆ ಬಿಳಿಯ ನಾಲ್ಕು ಚೌಕ, ನಡುವೆ ಒಂದು ಮರ, ಎಲ್ಲವನ್ನೂ ಕೂಡಿಸುವ ಗೆರೆ. ಇದು ಹಯವಾಥನ ಹೆಸರಿನ ಹಳೆಯ ಮಣಿಪಟ್ಟಿಯ ಚಿತ್ರ. ಕಡಲ ಚಿಪ್ಪಿನ ನೇರಳೆ ಮತ್ತು ಬಿಳಿ ಮಣಿಗಳಿಂದ ನೇಯ್ದ ಆ ಪಟ್ಟಿ ಬಹುಕಾಲ ನ್ಯೂಯಾರ್ಕ್ ರಾಜ್ಯದ ವಸ್ತುಸಂಗ್ರಹಾಲಯದ ವಶದಲ್ಲಿತ್ತು, 1989ರಲ್ಲಿ ಒನೊಂಡಾಗ ಜನರ ಕೈಗೆ ಮರಳಿತು. 2010ರ ಅಮೆರಿಕದ ಒಂದು ಡಾಲರ್ ನಾಣ್ಯದಲ್ಲೂ ಅದೇ ಪಟ್ಟಿ ಇದೆ, ಜೊತೆಗೆ ಕಟ್ಟಿಟ್ಟ ಐದು ಬಾಣ. ಮನೆಯ ಚಿಲ್ಲರೆ ಡಬ್ಬಿಯಲ್ಲಿ ಹುಡುಕಿ ನೋಡಿ.

ಅಷ್ಟಾದ ಮೇಲೆ ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಿದರೆ ಸುಳ್ಳಾಗುತ್ತದೆ. ಐವರು ತಮ್ಮತಮ್ಮೊಳಗೆ ಕಾದಾಡುವುದನ್ನು ಬಿಟ್ಟರೂ ಹೊರಗಿನವರೊಡನೆ ಯುದ್ಧ ಮಾಡಿದ್ದುಂಟು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂದಾಗ ಒಕ್ಕೂಟವೇ ಒಡೆಯಿತು: ಒನೈಡ, ಟಸ್ಕರೋರದ ಹೆಚ್ಚಿನವರು ಅಮೆರಿಕನ್ನರ ಕಡೆ, ಉಳಿದವರಲ್ಲಿ ಹೆಚ್ಚಿನವರು ಬ್ರಿಟಿಷರ ಕಡೆ. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಕಳುಹಿಸಿದ ಸೈನ್ಯ ಅವರ ಹತ್ತಾರು ಊರುಗಳನ್ನೂ ಫಸಲನ್ನೂ ಸುಟ್ಟು ಹಾಕಿತು.

ಅದಕ್ಕೂ ಮೊದಲೇ ಇದೇ ಬಿಳಿ ಪೈನ್ ಮೇಲೆ ಇನ್ನೊಬ್ಬರ ಕಣ್ಣು ಬಿದ್ದಿತ್ತು. ನೆಟ್ಟಗೆ, ಎತ್ತರಕ್ಕೆ, ಹಗುರವಾಗಿ ಬೆಳೆಯುವ ಮರ ಹಡಗಿನ ಪಟಸ್ತಂಭಕ್ಕೆ ಹೇಳಿ ಮಾಡಿಸಿದ್ದು. ಎರಡು ಅಡಿಗಿಂತ ಹೆಚ್ಚು ಅಡ್ಡಳತೆಯ ಪೈನ್‌ಗಳು ಇಂಗ್ಲೆಂಡಿನ ದೊರೆಯ ನೌಕಾಪಡೆಗೆ ಮೀಸಲು ಎಂದು 1691ರಲ್ಲಿ ಮ್ಯಾಸಚೂಸೆಟ್ಸ್ ಸನದಿನಲ್ಲೇ ಬರೆದರು. ಅಧಿಕಾರಿಗಳು ಬಂದು ಕಾಂಡಕ್ಕೆ ಕೊಡಲಿಯಿಂದ ಮೂರು ಏಟು ಕೊಟ್ಟು ಬಾಣದ ಗುರುತು ಹಾಕಿ ಹೋಗುತ್ತಿದ್ದರು. 1772ರಲ್ಲಿ ನ್ಯೂಹ್ಯಾಂಪ್‌ಶೈರ್‌ನ ವೇರ್ ಊರಿನ ಜನ ಇದಕ್ಕೆ ರೊಚ್ಚಿಗೆದ್ದು, ಛತ್ರದಲ್ಲಿ ಮಲಗಿದ್ದ ಶೆರಿಫ್‌ನನ್ನು ಬೆಳಗಾಗುವ ಮುನ್ನ ಬಡಿಗೆಯಿಂದ ಬಡಿದು ಓಡಿಸಿದರು. ಒಂದು ಜನ ಯಾವ ಮರದಡಿ ಯುದ್ಧವನ್ನು ಹೂತರೋ ಅದೇ ಮರ ಇನ್ನೊಂದು ಜನರ ಯುದ್ಧನೌಕೆಯ ಕಂಬವಾಯಿತು. ಮರಕ್ಕೆ ಅರ್ಥ ಮರದಿಂದ ಬರುವುದಿಲ್ಲ, ಅದರ ಹತ್ತಿರ ಹೋದವರಿಂದ ಬರುತ್ತದೆ ಎಂದು ನನಗೆ ಅನ್ನಿಸುವುದು ಇದಕ್ಕೇ.

ಬೇರೆ ನಾಡುಗಳಲ್ಲೂ ಪೈನ್‌ಗೆ ಮರ್ಯಾದೆ ದೊಡ್ಡದು. ಕೊರಿಯಾದ ಸೊಂಗ್ನಿಸಾನ್ ಬೆಟ್ಟದ ಹತ್ತಿರ ಮಂತ್ರಿ ಪದವಿ ಪಡೆದ ಪೈನ್ ಒಂದಿದೆ. 1464ರಲ್ಲಿ ಸೇಜೊ ದೊರೆಯ ಪಲ್ಲಕ್ಕಿ ತಗುಲೀತೆಂದು ಅದು ತಾನೇ ಕೊಂಬೆಯನ್ನು ಮೇಲೆತ್ತಿತಂತೆ, ದೊರೆ ಮೆಚ್ಚಿ ಪಟ್ಟ ಕೊಟ್ಟನಂತೆ. ಜಪಾನಿನಲ್ಲಿ ಹೊಸ ವರ್ಷಕ್ಕೆ ಬಾಗಿಲ ಎರಡೂ ಕಡೆ ಪೈನ್ ಕೊಂಬೆ, ಬಿದಿರು ಇಟ್ಟು ವರ್ಷದ ದೇವರನ್ನು ಬರಮಾಡಿಕೊಳ್ಳುತ್ತಾರೆ. ಅಲ್ಲಿಯ ನೋ ನಾಟಕದ ರಂಗದಲ್ಲಿ ಯಾವ ಕತೆ ಆಡಿದರೂ ಹಿಂದಿನ ಹಲಗೆಯ ಮೇಲೆ ಮುದಿ ಪೈನ್ ಮರದ ಒಂದೇ ಚಿತ್ರ.

ಜಪಾನಿನ ಒಂದು ಪೈನ್ ಅಮೆರಿಕದಲ್ಲೇ ಇದೆ. ಅದೂ ಐದೆಲೆಯದೇ, ಜಪಾನಿನ ಬಿಳಿ ಪೈನ್. ಕುಂಡದಲ್ಲಿ ಬೋನ್ಸಾಯ್ ಆಗಿ 1625ರಿಂದ ಬೆಳೆದದ್ದು. ಹಿರೋಶಿಮಾದ ಯಮಾಕಿ ಮನೆತನದವರು ತಲೆಮಾರುಗಳಿಂದ ಅದನ್ನು ಸಾಕಿದರು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದ ಜಾಗಕ್ಕೂ ಅವರ ಮನೆಗೂ ಮೂರು ಕಿಲೋಮೀಟರ್ ಅಷ್ಟೇ. ಕಿಟಕಿ ಗಾಜುಗಳು ಪುಡಿಯಾಗಿ ಮನೆಯವರಿಗೆ ಗಾಯಗಳಾದವು. ಗಿಡಗಳಿದ್ದ ಅಂಗಳಕ್ಕೆ ಎತ್ತರದ ಗೋಡೆಯಿತ್ತು, ಪೈನ್ ಉಳಿಯಿತು.

1976ರಲ್ಲಿ ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು 200 ವರ್ಷವಾದಾಗ ಜಪಾನ್ 53 ಬೋನ್ಸಾಯ್‌ಗಳನ್ನು ಉಡುಗೊರೆ ಕಳುಹಿಸಿತು. ಮಸಾರು ಯಮಾಕಿ ಅದರಲ್ಲಿ ಈ ಮರವನ್ನು ಕೊಟ್ಟರು, ಬಾಂಬು ಹಾಕಿದ ದೇಶಕ್ಕೇ. ಇದು ಹಿರೋಶಿಮಾದಲ್ಲಿ ಉಳಿದುಕೊಂಡ ಮರ ಎಂಬುದು ಇಲ್ಲಿಯ ಸಂಗ್ರಹಾಲಯದವರಿಗೆ ತಿಳಿದದ್ದು 25 ವರ್ಷದ ನಂತರ. 2001ರಲ್ಲಿ ಯಮಾಕಿಯವರ ಮೊಮ್ಮಕ್ಕಳಿಬ್ಬರು ಅಜ್ಜನ ಮರ ಹೇಗಿದೆ ನೋಡೋಣ ಎಂದು ಬಂದು ಹೇಳಿದಾಗ ಮಾತ್ರ. ನಾನಾಗಿದ್ದರೆ ಕೊಡುವಾಗಲೇ ನಾಲ್ಕು ಮಾತು ಹೇಳಿಬಿಡುತ್ತಿದ್ದೆ. ಬಹುಶಃ ನೀವೂ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಊರಿಂದ ಬಂದ ಹಿರಿಯರನ್ನು ನಯಾಗರಕ್ಕೆ ಕರೆದೊಯ್ಯದ ಕನ್ನಡಿಗರ ಮನೆ ಈ ಕಡೆ ಇದ್ದಂತಿಲ್ಲ. ಬಾಸ್ಟನ್ನಿನಿಂದಾಗಲಿ ಆಲ್ಬನಿಯಿಂದಾಗಲಿ 90ನೇ ಹೆದ್ದಾರಿ ಹಿಡಿದು ಹೋದರೆ ದಾರಿಯಲ್ಲೇ ಸಿರಾಕ್ಯೂಸ್. ಅಲ್ಲಿ ಪಕ್ಕದ ಲಿವರ್‌ಪೂಲ್ ಊರಿನಲ್ಲಿ, ಒನೊಂಡಾಗ ಸರೋವರದ ದಡದ ಮೇಲೆಯೇ, ಸ್ಕಾನೊ ಎಂಬ ಕೇಂದ್ರವಿದೆ. ನಾನಿಲ್ಲಿ ಹೇಳಿದ ಕತೆಯನ್ನು ಆ ಜನರೇ ತಮ್ಮ ಮಾತಿನಲ್ಲಿ ಹೇಳುವ ಜಾಗ ಅದು. ಚಿತ್ರಾನ್ನದ ಡಬ್ಬಿ ಬಿಚ್ಚಲು ಹೇಗೂ ಎಲ್ಲಾದರೂ ನಿಲ್ಲಿಸುತ್ತೀರಿ, ಅಲ್ಲೇ ನಿಲ್ಲಿಸಿ. ವಾಷಿಂಗ್ಟನ್ ಕಡೆಯವರು ರಾಷ್ಟ್ರೀಯ ಸಸ್ಯೋದ್ಯಾನದ ಬೋನ್ಸಾಯ್ ಸಂಗ್ರಹಾಲಯಕ್ಕೆ ಹೋಗಿ ಯಮಾಕಿ ಪೈನ್ ನೋಡಬಹುದು, ಪ್ರವೇಶಕ್ಕೆ ದುಡ್ಡಿಲ್ಲ. ಹೋಗಿ ಬಂದ ಮಕ್ಕಳು ಅಲ್ಲಿ ಕಂಡದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಚಿತ್ರವಿದ್ದರೆ ಅದನ್ನೂ ಸೇರಿಸಿ ಕನ್ನಡ ಕೂಟಕ್ಕೆ ಕಳುಹಿಸಿ. ತಪ್ಪಿದ್ದರೆ ತಿದ್ದಿ ಮುಂದಿನ ಸಂಚಿಕೆಯಲ್ಲಿ ಹಾಕೋಣ.