ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು

ಕತ್ತಲ ದಾರಿಯಲ್ಲಿ ಕರುಣೆಯ ಬೆಳಕನ್ನು ಕರೆಯುವ ಪ್ರಾರ್ಥನಾಗೀತೆಯನ್ನು ನಾವೆಲ್ಲರೂ ಬಲ್ಲೆವು. ಅದರ ಮೂಲಕರ್ತರು 2019ರಲ್ಲಿ ಸಂತ ಪದವಿಗೇರಿದ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್ನರು. ಅದನ್ನು ಕನ್ನಡಿಸಿದ ಮಹನೀಯರು ನಮ್ಮ ಮಿಶ್ರಿಕೋಟಿಗೆ ಸಮೀಪದ ಧಾರವಾಡದಲ್ಲಿಯೇ ಕೊನೆಯುಸಿರೆಳೆದರೆಂಬುದನ್ನು ಅರಿತವರು ವಿರಳ.

ಶ್ರೀಕಂಠಯ್ಯನವರು 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದರೂ ಅವರ ಜೀವ ಕನ್ನಡದಲ್ಲಿತ್ತು. ವಿದ್ಯಾವಂತರೇ ತಾಯ್ನುಡಿಯನ್ನು ಕೀಳೆಣಿಸುತ್ತಿದ್ದ 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಬಂದು, ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸವಿತ್ತರು. ನುಡಿದುದನ್ನು ನಡೆಸಿಯೂ ತೋರಿದರು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಆದಿಪ್ರಾಸದ ಕಟ್ಟನ್ನು ಸಡಿಲಿಸಿ, ಕನ್ನಡ ಕವಿತೆಗೆ ಹೊಸ ನಡಿಗೆಯನ್ನೇ ಕಲಿಸಿದರು. ರನ್ನನ ಕಾವ್ಯವನ್ನು ನಾಟಕವಾಗಿಸಿದರು. ಗ್ರೀಕ್ ರುದ್ರನಾಟಕಗಳನ್ನು ಕನ್ನಡಕ್ಕೆ ತಂದರು. 1928ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ.

ನ್ಯೂಮನ್ನರು 1833ರಲ್ಲಿ, ಸಿಸಿಲಿಯಲ್ಲಿ ಕಠಿಣ ಕಾಯಿಲೆಯಿಂದ ಚೇತರಿಸಿಕೊಂಡು, ಸ್ವದೇಶಕ್ಕೆ ಮರಳುವಾಗ ಹಡಗಿನಲ್ಲಿ ಆ ಗೀತೆಯನ್ನು ರಚಿಸಿದರು. ಆಗ ಅವರಿನ್ನೂ ಕಥೋಲಿಕರಾಗಿರಲಿಲ್ಲ. ಧರ್ಮಸಭೆಯನ್ನು ಸೇರಿದ್ದು 1845ರಲ್ಲಿ. ದಾರಿ ಅರಸುತ್ತಿದ್ದ ಜೀವದ ಆ ಮೊರೆಯನ್ನು ಹಿಂದೂ ಪಂಡಿತರೊಬ್ಬರು ಅದೆಷ್ಟು ಆಪ್ತವಾಗಿ ನುಡಿದರೆಂದರೆ, ಶಾಲೆಗಳಲ್ಲಿ ಅದು ಎಲ್ಲ ಮತದ ಮಕ್ಕಳ ಪ್ರಾರ್ಥನೆಯಾಯಿತು. ನಮಗಂತೂ ಅದು ಅನುವಾದವೆಂದೇ ತೋರುವುದಿಲ್ಲ.

ನಿವೃತ್ತರಾದ ಮೇಲೆಯೂ ಅವರು ವಿಶ್ರಮಿಸಲಿಲ್ಲ. 1944ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಧಾರವಾಡದಲ್ಲಿ ಆಗತಾನೆ ತಲೆಯೆತ್ತಿದ್ದ ಕೆ. ಇ. ಬೋರ್ಡಿನ ಕಲಾ ಕಾಲೇಜಿಗೆ ಪ್ರಾಚಾರ್ಯರಾಗಿ ಬಂದರು. 1946ರ ಜನವರಿ 5ರಂದು, ತಮ್ಮ ಜನ್ಮದಿನ ಕಳೆದ ಎರಡನೆಯ ದಿನ, ಅಲ್ಲಿಯೇ ದೈವಾಧೀನರಾದರು.