ಆರ್ಥರ್ ಆಶ್: ಮೈದಾನದ ಒಳಗೂ ಹೊರಗೂ

ಎದುರಾಳಿ ಹೊಡೆದ ಚೆಂಡು ಗೆರೆಯಿಂದ ಎರಡು ಅಂಗುಲ ಆಚೆ ಬಿದ್ದರೆ ನೀವೇನು ಮಾಡುತ್ತೀರಿ? ಹೊರಗೆ ಎಂದು ಕೂಗುತ್ತೀರಿ, ಅಲ್ಲವೇ? ಆರ್ಥರ್ ಆಶ್ ಎಂಬ ಹುಡುಗನಿಗೆ ಮಾತ್ರ ಅಂಥ ಚೆಂಡನ್ನು ಒಳಗೆ ಬಿದ್ದಿತೆಂದೇ ಒಪ್ಪಿ ಆಡುವಂತೆ ಕಲಿಸಲಾಗಿತ್ತು. ಅಂಪೈರ್ ಜೊತೆ ವಾದಿಸುವಂತಿರಲಿಲ್ಲ. ಆತ ಕಪ್ಪು ಜನಾಂಗದವನು. ಸಣ್ಣದೊಂದು ತಕರಾರು ಎದ್ದರೂ ಬಿಳಿಯರ ಪಂದ್ಯಾವಳಿಗಳಿಂದ ಹೊರಹಾಕಲು ಅದೇ ನೆಪವಾಗುತ್ತಿತ್ತು.

ಈ ಪಾಠ ಹೇಳಿಕೊಟ್ಟವರು ಡಾ. ರಾಬರ್ಟ್ ವಾಲ್ಟರ್ ಜಾನ್ಸನ್ ಎಂಬ ವೈದ್ಯರು. ಲಿಂಚ್‌ಬರ್ಗ್‌ನ ತಮ್ಮ ಮನೆಯ ಹಿತ್ತಲಿನ ಕೋರ್ಟಿನಲ್ಲಿ ಅವರು ಕಪ್ಪು ಮಕ್ಕಳಿಗೆ ಟೆನಿಸ್ ಕಲಿಸುತ್ತಿದ್ದರು.

ಆಶ್ ಹುಟ್ಟಿದ್ದು 1943ರ ಜುಲೈ 10ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ. ಕಪ್ಪು ಜನರಿಗೆಂದೇ ಇದ್ದ ಉದ್ಯಾನವೊಂದರ ಉಸ್ತುವಾರಿ ಅವರ ತಂದೆಯದು. ಮನೆಯೂ ಅಲ್ಲೇ, ಟೆನಿಸ್ ಕೋರ್ಟೂ ಪಕ್ಕದಲ್ಲೇ. ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಬಡಕಲು ಹುಡುಗನಿಗೆ ರಾಕೆಟ್ ಮತ್ತು ಪುಸ್ತಕ ಎರಡೂ ಒಟ್ಟಿಗೆ ಒಲಿದವು. ವಿದ್ಯಾರ್ಥಿವೇತನ ಪಡೆದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಸೇರಿದರು, 1966ರಲ್ಲಿ ಪದವಿ ಪಡೆದೇ ಹೊರಬಂದರು. ಆಮೇಲೆ ಸೈನ್ಯದ ಸೇವೆ.

1968ರಲ್ಲಿ ಮೊದಲ ಯು.ಎಸ್. ಓಪನ್ ಗೆದ್ದಾಗ ಅವರಿನ್ನೂ ಸೈನ್ಯದ ಅಧಿಕಾರಿ, ಹವ್ಯಾಸಿ ಆಟಗಾರ. ಆದ್ದರಿಂದ 14,000 ಡಾಲರ್ ಬಹುಮಾನ ಸೋತ ಟಾಮ್ ಓಕರ್ ಪಾಲಾಯಿತು. ಗೆದ್ದವರಿಗೆ ಸಿಕ್ಕಿದ್ದು ದಿನಕ್ಕೆ 20 ಡಾಲರ್ ಭತ್ಯೆ! 1969ರಲ್ಲಿ ಅವರು ವೃತ್ತಿಪರ ಆಟಗಾರರಾದರು.

ವರ್ಣಭೇದ ನೀತಿಯ ದಕ್ಷಿಣ ಆಫ್ರಿಕ ಹಲವು ಬಾರಿ ಅವರಿಗೆ ವೀಸಾ ನಿರಾಕರಿಸಿತು. 1973ರಲ್ಲಿ ಕೊನೆಗೂ ಒಪ್ಪಿದಾಗ, ಪ್ರೇಕ್ಷಕರನ್ನು ಬಣ್ಣದ ಮೇಲೆ ಬೇರೆ ಬೇರೆ ಕೂರಿಸಬಾರದೆಂದು ಕೇಳಿಯೇ ಹೋದರು. ಹೋಗಿದ್ದೇ ತಪ್ಪು ಎಂದು ಅವರ ಜನಾಂಗದವರಲ್ಲೇ ಹಲವರು ಟೀಕಿಸಿದರು. ಆ ಟೀಕೆಯಲ್ಲಿ ಸತ್ಯವಿರಲಿಲ್ಲವೆಂದು ನಾವು ಹೇಳಲಾರೆವು. ಆಶ್ ಅವರೂ ಮುಂದೆ ಬಹಿಷ್ಕಾರದ ಪರ ನಿಂತರು. 1985ರಲ್ಲಿ ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದರು. ಅಂಪೈರ್ ಜೊತೆ ವಾದಿಸದಿದ್ದ ಹುಡುಗ ಇವರೇ ನೋಡಿ!

ಆಟದ ವಿಷಯಕ್ಕೆ ಬಂದರೆ, 1975ರ ವಿಂಬಲ್ಡನ್ ಫೈನಲನ್ನು ಮರೆಯುವಂತಿಲ್ಲ. ಎದುರಿಗಿದ್ದವರು ಹಿಂದಿನ ವರ್ಷದ ವಿಜೇತ, 22ರ ಹರೆಯದ ಜಿಮ್ಮಿ ಕಾನರ್ಸ್. ಆಶ್‌ಗೆ 32 ತುಂಬಲು ಕೆಲವೇ ದಿನ ಬಾಕಿ. ಎದುರಾಳಿಯ ವೇಗವನ್ನೇ ಬಲಮಾಡಿಕೊಳ್ಳುವವರು ಕಾನರ್ಸ್. ಅದನ್ನು ಅರಿತ ಆಶ್ ಬಿರುಸಿನ ಹೊಡೆತಗಳನ್ನು ಬಿಟ್ಟು ಮೆಲ್ಲನೆಯ, ತಗ್ಗಿನ ಚೆಂಡುಗಳನ್ನೇ ಕೊಟ್ಟರು. ವಿರಾಮದಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು. 6-1, 6-1, 5-7, 6-4! ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಪುರುಷ ಅವರು.

1979ರಲ್ಲಿ ಹೃದಯಾಘಾತವಾಯಿತು, ಮರುವರ್ಷ ನಿವೃತ್ತರಾದರು. ಕ್ರೀಡೆಯ ಬೆನ್ನುಹತ್ತಿ ಓದನ್ನು ಕೈಬಿಡಬೇಡಿರೆಂದು ಕಪ್ಪು ಯುವಕರಿಗೆ ಹೇಳುತ್ತಲೇ ಇದ್ದರು. ಕಾಲೇಜು ಕ್ರೀಡಾಪಟುಗಳಿಗೂ ಕನಿಷ್ಠ ಅಂಕ ಬೇಕೆಂದಾಗ ಸ್ವಂತದವರ ವಿರೋಧವನ್ನೂ ಎದುರಿಸಿದರು. ಕಪ್ಪು ಕ್ರೀಡಾಪಟುಗಳ ಇತಿಹಾಸವನ್ನು ವರ್ಷಗಟ್ಟಲೆ ಶ್ರಮಿಸಿ ಮೂರು ಸಂಪುಟಗಳಲ್ಲಿ ಬರೆದರು. ಅದು 1988ರಲ್ಲಿ ಪ್ರಕಟವಾಯಿತು.

ಅದೇ ವರ್ಷ ತಿಳಿದ ಸುದ್ದಿ ಭೀಕರವಾಗಿತ್ತು. 1983ರ ಹೃದಯ ಶಸ್ತ್ರಚಿಕಿತ್ಸೆಯ ನಂತರ ಪಡೆದ ರಕ್ತದಿಂದ ಎಚ್‌ಐವಿ ಸೋಂಕು ತಗಲಿತ್ತು. ಪುಟ್ಟ ಮಗಳಿಗಾಗಿ ಮನೆಯವರು ಅದನ್ನು ಗುಟ್ಟಾಗಿಟ್ಟರು. ಪತ್ರಿಕೆಯೊಂದು ಬೆನ್ನುಬಿದ್ದಾಗ, 1992ರ ಏಪ್ರಿಲ್ 8ರಂದು ತಾವೇ ಲೋಕಕ್ಕೆ ತಿಳಿಸಬೇಕಾಯಿತು. ಸಾವು ಸಮೀಪಿಸಿದ್ದರೂ, ಹೈಟಿಯ ನಿರಾಶ್ರಿತರ ಪರವಾಗಿ ಆ ಸೆಪ್ಟೆಂಬರ್‌ನಲ್ಲಿ ಶ್ವೇತಭವನದ ಮುಂದೆ ನಿಂತು ಮತ್ತೊಮ್ಮೆ ಬಂಧಿತರಾದರು. 1993ರ ಫೆಬ್ರವರಿ 6ರಂದು ತೀರಿಕೊಂಡರು.

ರಿಚ್ಮಂಡ್‌ನ ಮಾನ್ಯುಮೆಂಟ್ ಅವೆನ್ಯೂ ಎಂಬ ರಸ್ತೆಯಲ್ಲಿ, ಗುಲಾಮಗಿರಿಯ ಪರ ಹೋರಾಡಿದ ಸೇನಾನಿಗಳ ಪ್ರತಿಮೆಗಳ ಸಾಲಿಗೆ 1996ರಲ್ಲಿ ಆಶ್ ಪ್ರತಿಮೆಯೂ ಸೇರಿತು. ಒಂದು ಕೈಯಲ್ಲಿ ರಾಕೆಟ್, ಇನ್ನೊಂದರಲ್ಲಿ ಪುಸ್ತಕಗಳು. ಪುಸ್ತಕಗಳ ಕೈಯೇ ಮೇಲೆ, ಸುತ್ತಲೂ ಮಕ್ಕಳು. ಆ ಸೇನಾನಿಗಳ ಪ್ರತಿಮೆಗಳನ್ನು 2020 ಮತ್ತು 2021ರಲ್ಲಿ ತೆಗೆದುಹಾಕಲಾಯಿತು. ಆಶ್ ಅವರದನ್ನು ಉಳಿಸಿಕೊಂಡರು.