ಲೇಖಣಿಯನ್ನು ಕೆಳಗಿಟ್ಟ ಧರ್ಮಾತ್ಮ: ಜಾನ್ ವುಲ್ಮನ್

ಧರ್ಮಗ್ರಂಥಗಳನ್ನು ಪಠಿಸುವವರು ಲೋಕದಲ್ಲಿ ಬಹುಮಂದಿ. ಪಠಿಸಿದುದನ್ನು ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಉಡುವ ಬಟ್ಟೆಗೂ ಉಣ್ಣುವ ಸಕ್ಕರೆಗೂ ಒರೆಹಚ್ಚಿ ನೋಡುವವರು ವಿರಳ. ಹದಿನೆಂಟನೆಯ ಶತಮಾನದ ಅಮೆರಿಕೆಯಲ್ಲಿ ಬಾಳಿದ ಜಾನ್ ವುಲ್ಮನ್ನನು ಈ ವಿರಳರಲ್ಲಿ ಒಬ್ಬನು. ಈತನು ಧರ್ಮಪೀಠವನ್ನು ಏರಿದವನಲ್ಲ, ಮಹಾವಿದ್ಯಾಲಯದಲ್ಲಿ ಕಲಿತವನಲ್ಲ, ರಾಜ್ಯಾಧಿಕಾರವನ್ನು ಪಡೆದವನೂ ಅಲ್ಲ. ಬಟ್ಟೆ ಹೊಲಿದು, ಸೇಬಿನ ಗಿಡಗಳನ್ನು ಬೆಳೆಸಿ, ನೆರೆಹೊರೆಯವರಿಗೆ ಕಾಗದಪತ್ರಗಳನ್ನು ಬರೆದುಕೊಟ್ಟು ಹೊಟ್ಟೆ ಹೊರೆದ ಗೃಹಸ್ಥನು.

ವುಲ್ಮನ್ನನು 1720ನೆಯ ಇಸವಿ ಅಕ್ಟೋಬರ್ 19ರಂದು, ಆಗ ಆಂಗ್ಲರ ವಸಾಹತಾಗಿದ್ದ ನ್ಯೂ ಜರ್ಸಿ ಪ್ರಾಂತದಲ್ಲಿ, ಒಂದು ಒಕ್ಕಲುತನದ ಮನೆಯಲ್ಲಿ ಜನಿಸಿದನು. ಆ ಮನೆತನವು ಕ್ರೈಸ್ತರಲ್ಲಿಯೇ ಕ್ವೇಕರ್ ಎಂಬ ಪಂಗಡಕ್ಕೆ ಸೇರಿದುದು. ಈ ಪಂಗಡದವರಿಗೆ ಪುರೋಹಿತರಿಲ್ಲ, ಪೂಜಾವಿಧಿಗಳಿಲ್ಲ. ಸಭಾಮಂದಿರದಲ್ಲಿ ಎಲ್ಲರೂ ಮೌನವಾಗಿ ಕುಳಿತಿರುವರು. ಅಂತರಂಗದಲ್ಲಿ ಪ್ರೇರಣೆಯಾದವರು, ಅವರು ಗಂಡಸಾಗಲಿ ಹೆಂಗಸಾಗಲಿ, ಎದ್ದು ನಾಲ್ಕು ಮಾತನಾಡುವರು. ಪ್ರತಿಯೊಬ್ಬ ಮಾನವನಲ್ಲಿಯೂ ದೇವರ ಬೆಳಕು ನೆಲೆಸಿದೆ ಎಂಬುದು ಅವರ ಮೂಲತತ್ತ್ವ. ಇಂತಹ ತತ್ತ್ವವನ್ನು ಒಪ್ಪಿದ ಜನರಲ್ಲಿಯೂ ಅನೇಕರು ಆಫ್ರಿಕೆಯಿಂದ ಹಡಗಿನಲ್ಲಿ ತುಂಬಿ ತಂದ ಮನುಷ್ಯರನ್ನು ಹಣ ಕೊಟ್ಟು ಕೊಂಡು, ದನಕರುಗಳಂತೆ ಆಸ್ತಿಯ ಲೆಕ್ಕದಲ್ಲಿ ಬರೆದಿಡುತ್ತಿದ್ದರೆಂಬುದು ಸೋಜಿಗದ ಸಂಗತಿ.

ಬಾಲ್ಯದ ಒಂದು ಘಟನೆಯನ್ನು ವುಲ್ಮನ್ನನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ನೆರೆಮನೆಗೆ ಹೋಗುವ ದಾರಿಯಲ್ಲಿ ಗೂಡಿನಲ್ಲಿ ಮರಿಗಳಿದ್ದ ಒಂದು ರಾಬಿನ್ ಹಕ್ಕಿಯು ಬಾಲಕನನ್ನು ಕಂಡು ಸುತ್ತಲೂ ಹಾರಾಡತೊಡಗಿತು. ಹುಡುಗಾಟಿಕೆಗಾಗಿ ಆತನು ಬೀರಿದ ಕಲ್ಲು ತಗುಲಿ ಹಕ್ಕಿಯು ಸತ್ತುಬಿದ್ದಿತು. ಮೊದಲು ಗುರಿ ತಪ್ಪಲಿಲ್ಲವೆಂಬ ಹಿಗ್ಗು, ಕ್ಷಣಮಾತ್ರದಲ್ಲಿ ಭಯ. ತಾಯಿಯಿಲ್ಲದೆ ಮರಿಗಳು ಹಸಿದು ನರಳಿ ಸಾಯುವುವೆಂದು ತಿಳಿದು, ಮರವನ್ನೇರಿ ಅವನ್ನೂ ತಾನೇ ಕೊಂದನು. ಒಂದು ತಪ್ಪು ಮತ್ತೊಂದು ಕ್ರೌರ್ಯವನ್ನು ಬೇಡುವ ಪರಿಯನ್ನು ಆ ಎಳೆಯ ಮನಸ್ಸು ಅಂದೇ ಅರಿತಿತು. ಈ ನೆನಪು ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ವುಲ್ಮನ್ನನು ಮೌಂಟ್ ಹಾಲಿ ಎಂಬ ಊರಿಗೆ ಬಂದು, ಒಬ್ಬ ವರ್ತಕನ ಅಂಗಡಿಯನ್ನು ನೋಡಿಕೊಂಡು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. 1742ರ ಸುಮಾರಿಗೆ ಆ ವರ್ತಕನು ತನ್ನಲ್ಲಿದ್ದ ಒಬ್ಬ ಗುಲಾಮ ಹೆಂಗಸನ್ನು ಮಾರಿ, ಅದರ ಕ್ರಯಪತ್ರವನ್ನು ಬರೆಯಲು ವುಲ್ಮನ್ನನಿಗೆ ಅಪ್ಪಣೆ ಮಾಡಿದನು. ಕೊಂಡವನು ಎದುರಿನಲ್ಲಿಯೇ ಕಾಯುತ್ತಿದ್ದನು. ಅವನೂ ಕ್ವೇಕರನೇ, ವೃದ್ಧನು, ನೆರವಿ ಬಲ್ಲ ಗೃಹಸ್ಥನು. ತಾನು ವರ್ಷದ ಸಂಬಳಕ್ಕೆ ನಿಂತ ಆಳು; ಬರೆಯೆಂದವನು ಅನ್ನದಾತನಾದ ಧಣಿ. ತರುಣನ ಮನಸ್ಸು ತಳಮಳಿಸಿತು. ಆದರೂ ಬರೆದನು. ಬರೆದು ಮುಗಿಸಿದ ಮೇಲೆ, ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಒಪ್ಪುವ ನಡತೆಯಲ್ಲವೆಂದು ಅವರಿಬ್ಬರ ಮುಂದೆಯೇ ಹೇಳಿದನು. ಹೇಳಿದುದರಿಂದ ಕೊಂಚ ಸಮಾಧಾನವಾಯಿತಾದರೂ, ಆ ಕೆಲಸದಿಂದ ತನ್ನನ್ನು ಬಿಟ್ಟುಬಿಡಿರೆಂದು ಸ್ಪಷ್ಟವಾಗಿ ಕೇಳಿಕೊಂಡಿದ್ದರೆ ಇನ್ನೂ ಲೇಸಾಗುತ್ತಿತ್ತೆಂದು ಮುಂದೆ ಪರಿತಪಿಸಿದನು. ಕೆಲವು ಕಾಲದ ಅನಂತರ ಮತ್ತೊಬ್ಬ ತರುಣನು ಅಂತಹುದೇ ಪತ್ರವನ್ನು ಬರೆಯಿಸಲು ಬಂದಾಗ, ವುಲ್ಮನ್ನನು ಲೇಖಣಿಯನ್ನು ಮುಟ್ಟಲಿಲ್ಲ.

ಇಲ್ಲಿಂದ ಮುಂದೆ ಆತನ ಬಾಳು ಸಣ್ಣ ಸಣ್ಣ ನಿರಾಕರಣೆಗಳ ಸರಮಾಲೆಯಾಯಿತು. ವಿಶೇಷವೆಂದರೆ, ಆತನು ಕಾರ್ಯವನ್ನು ನಿರಾಕರಿಸಿದನೇ ಹೊರತು ಮನುಷ್ಯನನ್ನು ನಿರಾಕರಿಸಲಿಲ್ಲ. ಒಮ್ಮೆ ನೆರೆಯವನೊಬ್ಬನು ಮೈಗೆ ಬಲವಾದ ಪೆಟ್ಟು ಬಿದ್ದು ಹಾಸಿಗೆ ಹಿಡಿದನು. ಅಂದಿನ ವೈದ್ಯಪದ್ಧತಿಯಂತೆ ನೆತ್ತರು ತೆಗೆಯಲು ವುಲ್ಮನ್ನನನ್ನು ಕರೆಯಿಸಿದನು. ಚಿಕಿತ್ಸೆ ಮುಗಿದ ಬಳಿಕ ತನ್ನ ಮೃತ್ಯುಪತ್ರವನ್ನು ಬರೆದುಕೊಡಬೇಕೆಂದು ಕೇಳಿ, ಆಸ್ತಿಯ ವಿವರಗಳೊಡನೆ ತನ್ನ ಗುಲಾಮ ಹುಡುಗಿಯು ಯಾವ ಮಗುವಿನ ಪಾಲಿಗೆ ಹೋಗಬೇಕೆಂಬುದನ್ನೂ ತಿಳಿಸಿದನು. ರೋಗಿಯ ನೋವು ಹೆಚ್ಚಾಗಿತ್ತು. ಅದು ವಾದಕ್ಕೆ ಸಮಯವಲ್ಲ. ವುಲ್ಮನ್ನನು ಪತ್ರವನ್ನೆಲ್ಲ ಬರೆದನು, ಆ ಹುಡುಗಿಯ ವಿಷಯವೊಂದನ್ನು ಮಾತ್ರ ಬಿಟ್ಟನು. ಮಂಚದ ಬಳಿಗೆ ಒಯ್ದು ಓದಿ ಹೇಳಿ, ಇದಕ್ಕೆ ಕೂಲಿಯನ್ನು ತೆಗೆದುಕೊಳ್ಳುವುದಿಲ್ಲವೆಂದೂ, ಉಳಿದ ಭಾಗವನ್ನು ಬರೆಯಲು ತನ್ನ ಅಂತಃಕರಣವು ಒಪ್ಪದೆಂದೂ ಸ್ನೇಹದಿಂದಲೇ ತಿಳಿಸಿದನು. ಇಬ್ಬರಲ್ಲಿಯೂ ಬಹಳ ಹೊತ್ತು ಮಾತುಕತೆ ನಡೆಯಿತು. ಕೊನೆಗೆ ರೋಗಿಯು ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದನು. ಆಗ ವುಲ್ಮನ್ನನು ಮೃತ್ಯುಪತ್ರವನ್ನು ಪೂರ್ಣಗೊಳಿಸಿದನು.

1749ರಲ್ಲಿ ಆತನು ಸಾರಾ ಎಲಿಸ್ ಎಂಬ ಕನ್ಯೆಯನ್ನು ಮದುವೆಯಾದನು. ಒಬ್ಬ ಮಗಳು ಬೆಳೆದಳು. ಒಂದು ಗಂಡುಮಗು ಶೈಶವದಲ್ಲಿಯೇ ತೀರಿಕೊಂಡಿತು. ಗಂಡನು ತಿಂಗಳುಗಟ್ಟಲೆ ಸಂಚಾರದಲ್ಲಿದ್ದಾಗ ಮನೆಯನ್ನು ನಡೆಸಿದ ಆ ಸಾಧ್ವಿಯ ವಿಷಯವಾಗಿ ದಿನಚರಿಯು ಹೆಚ್ಚೇನೂ ಹೇಳದಿರುವುದು ಓದುಗರಿಗೆ ಒಂದು ಕೊರತೆಯಾಗಿಯೇ ತೋರುತ್ತದೆ.

ಇಷ್ಟರಲ್ಲಿ ವುಲ್ಮನ್ನನು ಸ್ವಂತ ಅಂಗಡಿಯನ್ನಿಟ್ಟಿದ್ದನು. ವ್ಯಾಪಾರವು ವರ್ಷದಿಂದ ವರ್ಷಕ್ಕೆ ಏರಿತು. ಲೋಕದ ದೃಷ್ಟಿಯಲ್ಲಿ ಇದು ಭಾಗ್ಯ. ಆತನಿಗೆ ಹೊರೆಯಾಗಿ ಕಂಡಿತು. ಬಡವರು ಸಾಲದ ಮೇಲೆ ಬೇಡದ ಬೆಡಗಿನ ವಸ್ತುಗಳನ್ನು ಕೊಂಡು ತೀರಿಸಲಾರದೆ ಕಷ್ಟಕ್ಕೆ ಸಿಲುಕುವುದನ್ನು ಆತನು ಕಣ್ಣಾರೆ ಕಂಡಿದ್ದನು. ಅಂತಹವರಿಗೆ ಅಗ್ಗದ, ಬಾಳಿಕೆಯ ಪದಾರ್ಥವನ್ನೇ ಕೊಳ್ಳಿರೆಂದು ಬುದ್ಧಿ ಹೇಳುವ ಅಂಗಡಿಕಾರನು ಎಷ್ಟು ದಿನ ಅಂಗಡಿ ನಡೆಸಿಯಾನು? 1756ರ ವೇಳೆಗೆ ಗಿರಾಕಿಗಳಿಗೆ ಮುಂಚಿತವಾಗಿ ತಿಳಿಸಿ, ಸರಕನ್ನು ಕ್ರಮೇಣ ಕಡಮೆ ಮಾಡಿ, ವ್ಯಾಪಾರವನ್ನೇ ನಿಲ್ಲಿಸಿದನು. ಮೊದಲೇ ಕಲಿತಿದ್ದ ಸಿಂಪಿಗನ ಕಾಯಕವನ್ನು ಒಬ್ಬಂಟಿಗನಾಗಿ, ಸಹಾಯಕರಿಲ್ಲದೆ ನಡೆಸಿಕೊಂಡು ಬಂದನು. ಜೊತೆಗೆ ಸೇಬಿನ ತೋಟವೂ ಇತ್ತು.

ಧರ್ಮಪ್ರಸಂಗಕ್ಕಾಗಿ ಆತನು ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸಿದ್ದುಂಟು. 1746ರ ಮೊದಲ ಯಾತ್ರೆಯಲ್ಲಿ, ಗುಲಾಮರ ದುಡಿಮೆಯಿಂದ ಸುಖಿಸುವ ಮನೆಗಳಲ್ಲಿ ಉಂಡು ಮಲಗಿದ್ದು ಆತನ ಮನಸ್ಸನ್ನು ಚುಚ್ಚಿತ್ತು. ಆ ಯಾತ್ರೆಯ ಫಲವಾಗಿ ರಚಿಸಿದ, ಗುಲಾಮಗಿರಿಯನ್ನು ಖಂಡಿಸುವ ಕಿರುಹೊತ್ತಗೆಯು 1754ರಲ್ಲಿ ಅಚ್ಚಾಯಿತು. 1757ರಲ್ಲಿ ಪುನಃ ಹೊರಟಾಗ ಸಣ್ಣ ಬೆಳ್ಳಿಯ ನಾಣ್ಯಗಳನ್ನು ಕೂಡಿಸಿಕೊಂಡು ಹೋದನು. ಆತಿಥ್ಯ ಪಡೆದ ಮನೆಯಿಂದ ಹೊರಡುವಾಗ, ತನಗಾಗಿ ದುಡಿದ ಗುಲಾಮರಿಗೆ ಸಲ್ಲಬೇಕಾದ ಕೂಲಿಯೆಂದು ಯಜಮಾನನ ಕೈಯಲ್ಲಿ ಅವನ್ನು ಕೊಡುವನು; ಕೆಲವೆಡೆ ಗುಲಾಮರ ಕೈಗೇ ಕೊಡುವನು. ಅತಿಥಿಯು ಹಣ ಕೊಟ್ಟರೆ ಅತಿಥೇಯನಿಗೆ ಅಪಮಾನವೆಂಬುದು ಎಲ್ಲ ದೇಶಗಳ ಮರ್ಯಾದೆ. ಶ್ರೀಮಂತರಾದ ಆ ಯಜಮಾನರೆದುರು ಹಾಗೆ ಕೈ ಚಾಚುವುದು ನಾಚಿಕೆ ಸ್ವಭಾವದ ಈ ಸಿಂಪಿಗನಿಗೆ ಎಷ್ಟು ಕಷ್ಟವಾಗಿದ್ದೀತು! ಕಷ್ಟವಾಯಿತೆಂದೇ ಆತನು ಬರೆದಿದ್ದಾನೆ. ಆದರೂ ಹೆಚ್ಚಿನವರು ಕೋಪಗೊಳ್ಳದೆ ಅದನ್ನು ಸ್ವೀಕರಿಸಿದರು.

1758ರಲ್ಲಿ ಯುದ್ಧಕಾಲದ ಸೈನಿಕನೊಬ್ಬನನ್ನು ಸರ್ಕಾರವು ಆತನ ಮನೆಯಲ್ಲಿ ಇಳಿಸಿತು. ಕ್ವೇಕರರಿಗೆ ಯುದ್ಧವು ನಿಷಿದ್ಧ. ಎರಡು ವಾರ ಅವನಿಗೆ ಅನ್ನ ವಸತಿಗಳನ್ನಿತ್ತ ವುಲ್ಮನ್ನನು, ಅಧಿಕಾರಿಯು ಕೊಡಬಂದ ಹಣವನ್ನು ಮಾತ್ರ ಮುಟ್ಟಲಿಲ್ಲ. ಅದೇ ವರ್ಷ ಫಿಲಡೆಲ್ಫಿಯ ನಗರದಲ್ಲಿ ಕ್ವೇಕರರ ವಾರ್ಷಿಕ ಸಭೆಯು ಕೂಡಿದಾಗ ಗುಲಾಮರ ಪ್ರಶ್ನೆಯು ಚರ್ಚೆಗೆ ಬಂದಿತು. ಕಾಲವೇ ಇದಕ್ಕೆ ಪರಿಹಾರ ತಂದೀತು, ಕಾದುನೋಡೋಣವೆಂದು ಕೆಲವರು ಸೂಚಿಸಿದರು. ಬಹುಹೊತ್ತು ಮೌನವಾಗಿದ್ದ ವುಲ್ಮನ್ನನು ಕೊನೆಗೆ ಎದ್ದುನಿಂತು, ನೊಂದವರ ಮೊರೆ ದೇವರಿಗೆ ಮುಟ್ಟಿರುವಾಗ, ಕೆಲವರ ಸ್ವಾರ್ಥಕ್ಕಾಗಿಯೋ ಸ್ನೇಹದ ದಾಕ್ಷಿಣ್ಯಕ್ಕಾಗಿಯೋ ಧರ್ಮವನ್ನು ಮುಂದೂಡಲಾಗದೆಂದು ಶಾಂತವಾಗಿ ನುಡಿದನು. ಗುಲಾಮರನ್ನಿಟ್ಟುಕೊಂಡ ಸದಸ್ಯರ ಮನೆಮನೆಗೂ ಹೋಗಿ ತಿಳಿಯಹೇಳಬೇಕೆಂದೂ, ಇನ್ನು ಮುಂದೆ ಕೊಳ್ಳುವ ಮಾರುವ ವ್ಯವಹಾರ ಮಾಡಿದವರನ್ನು ಸಂಘದ ಕಾರ್ಯಕಲಾಪಗಳಿಂದ ದೂರವಿಡಬೇಕೆಂದೂ ಸಭೆಯು ತೀರ್ಮಾನಿಸಿತು. ಹಾಗೆ ಮನೆಗಳಿಗೆ ಹೋದವರಲ್ಲಿ ವುಲ್ಮನ್ನನೂ ಒಬ್ಬನು.

ಬಣ್ಣ ಹಾಕಿದ ಬಟ್ಟೆಯು ಕೊಳೆಯನ್ನು ಮರೆಸುತ್ತದೆಯೇ ಹೊರತು ತೊಳೆಯುವುದಿಲ್ಲವೆಂದು ಭಾವಿಸಿ, ಆತನು ಸುಮಾರು 1762ರಿಂದ ಬಣ್ಣ ಕಟ್ಟದ ಉಡುಪನ್ನೂ ಸಹಜವರ್ಣದ ಟೊಪ್ಪಿಗೆಯನ್ನೂ ಧರಿಸತೊಡಗಿದನು. ವಿಧಿಯ ಪರಿಹಾಸ್ಯವೆಂಬಂತೆ ಆಗಲೇ ಬಿಳಿಯ ಟೊಪ್ಪಿಗೆಯು ಶೋಕಿಗಾರರಲ್ಲಿ ಬಳಕೆಗೆ ಬಂದುದರಿಂದ, ಸ್ವಮತದವರೇ ಆತನನ್ನು ಸಂಶಯದಿಂದ ನೋಡಿದರು. ವೆಸ್ಟ್ ಇಂಡೀಸ್ ದ್ವೀಪಗಳ ಸಕ್ಕರೆಯು ಗುಲಾಮರ ಬೆವರಿನದೆಂದು ಅದನ್ನೂ ತೊರೆದನು. ಇವುಗಳಲ್ಲಿ ಕೆಲವನ್ನು ಅತಿರೇಕವೆನ್ನುವವರು ಇರಬಹುದು, ಆ ಮಾತಿನಲ್ಲಿ ಸ್ವಲ್ಪ ಹುರುಳೂ ಉಂಟು. ಆದರೆ 1763ರಲ್ಲಿ, ಗಡಿನಾಡಿನಲ್ಲಿ ಬಿಳಿಯರಿಗೂ ಮೂಲನಿವಾಸಿಗಳಿಗೂ ಯುದ್ಧ ನಡೆಯುತ್ತಿದ್ದಾಗ, ಆ ಮೂಲನಿವಾಸಿಗಳ ಬಾಳನ್ನು ಅರಿಯಬೇಕೆಂಬ ಪ್ರೀತಿಯೊಂದರಿಂದಲೇ ಸಸ್ಕ್ವೆಹಾನಾ ನದೀತೀರದ ವಯಲೂಸಿಂಗ್ ಎಂಬ ಅವರ ಊರಿಗೆ ಹೋದವನೂ ಇದೇ ಮನುಷ್ಯನು.

ಎಲ್ಲಕ್ಕಿಂತ ಮಿಗಿಲಾಗಿ ಸ್ಮರಿಸತಕ್ಕದ್ದು ಆತನು ತನ್ನ ತಪ್ಪನ್ನೇ ಲೆಕ್ಕಕ್ಕೆ ತೆಗೆದುಕೊಂಡ ಬಗೆ. ಹಿಂದೊಮ್ಮೆ ಮೃತನೊಬ್ಬನ ಆಸ್ತಿಗೆ ಇನ್ನೊಬ್ಬನೊಡನೆ ವ್ಯವಸ್ಥಾಪಕನಾಗಿದ್ದಾಗ, ಒಬ್ಬ ಕರಿಯ ಬಾಲಕನನ್ನು ಮೂವತ್ತು ವರ್ಷ ತುಂಬುವವರೆಗೆ ದುಡಿಯುವ ಕರಾರಿನ ಮೇಲೆ ಇವರು ಮಾರಿದ್ದರು. ಬಿಳಿಯ ಅನಾಥ ಬಾಲಕನಾಗಿದ್ದರೆ ಇಪ್ಪತ್ತೊಂದಕ್ಕೇ ಬಿಡುಗಡೆ. ಹೆಚ್ಚಾದ ಒಂಬತ್ತು ವರ್ಷಗಳು ಅನ್ಯಾಯದವೆಂದು ವುಲ್ಮನ್ನನಿಗೆ ಮನವರಿಕೆಯಾದಾಗ ಹಲವು ವರ್ಷಗಳೇ ಕಳೆದಿದ್ದುವು. 1769ರಲ್ಲಿ, ತನ್ನ ಪಾಲಿನ ನಾಲ್ಕೂವರೆ ವರ್ಷಗಳ ದುಡಿಮೆಗೆ ನ್ಯಾಯವಾದ ಬೆಲೆಯನ್ನು ಕೊಂಡವನಿಗೆ ಸಲ್ಲಿಸುವೆನೆಂದು ತನ್ನನ್ನೂ ತನ್ನ ವಾರಸುದಾರರನ್ನೂ ಕಟ್ಟಿಹಾಕುವ ಮುಚ್ಚಳಿಕೆಯನ್ನು ಬರೆದನು. ಕ್ರಯಪತ್ರವನ್ನು ಬರೆದ ಕೈಯೇ ಈ ಪತ್ರವನ್ನೂ ಬರೆಯಿತು.

1772ರಲ್ಲಿ ಇಂಗ್ಲೆಂಡಿಗೆ ಹೊರಟಾಗ, ಹಡಗಿನ ಉತ್ತಮ ಕೋಣೆಯ ಕೆತ್ತನೆಗಳು ವ್ಯರ್ಥ ಆಡಂಬರವೆಂದೂ ಅದರ ವೆಚ್ಚವು ಪ್ರಯಾಣದ ದರದಲ್ಲಿಯೇ ಸೇರಿದೆಯೆಂದೂ ಎಣಿಸಿ, ನಾವಿಕರು ಮಲಗುವ ಕೆಳ ಅಂತಸ್ತಿನ ಉಸಿರುಗಟ್ಟುವ ಇರುಕಿನಲ್ಲಿ ಸಾಗರವನ್ನು ದಾಟಿದನು. ಲಂಡನ್ನಿನ ಕ್ವೇಕರರು ಈ ವಿಚಿತ್ರವೇಷದ ಪರದೇಶಿಯನ್ನು ಮೊದಲು ತಣ್ಣಗೆ ಕಂಡರೆಂದೂ, ಯಾರಿಗೂ ಹೊರೆಯಾಗದೆ ಹೊಲಿಗೆಯಿಂದ ಬದುಕಿಕೊಳ್ಳುವೆನೆಂದು ಆತನು ನಮ್ರನಾಗಿ ಹೇಳಿದ ಮೇಲೆ ಮನಸ್ಸು ಕರಗಿತೆಂದೂ ಪ್ರತೀತಿಯಿದೆ. ಅಲ್ಲಿಂದ ಉತ್ತರಕ್ಕೆ ನಡೆದೇ ಹೋದನು. ವೇಗದ ಸಾರೋಟುಗಳಿಗೆ ಕಟ್ಟಿದ ಕುದುರೆಗಳು ದಣಿದು ಸಾಯುವುದನ್ನೂ, ಟಪಾಲಿನ ಹುಡುಗರು ಚಳಿಗಾಲದ ಇರುಳಿನಲ್ಲಿ ಮರಗಟ್ಟುವುದನ್ನೂ ಕೇಳಿ, ಸಾರೋಟನ್ನು ಏರಲಿಲ್ಲ. ಆ ಟಪಾಲಿನಲ್ಲಿ ತನಗೆ ಕಾಗದಗಳನ್ನು ಕಳುಹಬಾರದೆಂದೂ ಮಿತ್ರರನ್ನು ಕೇಳಿಕೊಂಡನು.

ಯಾರ್ಕ್ ನಗರವನ್ನು ಸೇರಿದ ಕೆಲವೇ ದಿನಗಳಲ್ಲಿ ಸಿಡುಬು ತಗುಲಿತು. ಪರರನ್ನು ಪೀಡಿಸಿ ಗಳಿಸಿದ ಮಾರ್ಗದಿಂದ ಬಂದ ಔಷಧಿಯು ತನಗೆ ಬೇಡವೆಂದು ರೋಗಶಯ್ಯೆಯಲ್ಲಿಯೂ ತಿಳಿಸಿದನು. ಅಂತ್ಯವಿಧಿಗೆ ಅಲಂಕಾರವಿಲ್ಲದ ಸಾದಾ ಮರದ ಪೆಟ್ಟಿಗೆಯು ಸಾಕೆಂದೂ, ಅದರ ಬೆಲೆಗೂ ಗೋರಿ ತೋಡಿದವರ ಕೂಲಿಗೂ ತನ್ನ ಉಡುಪುಗಳನ್ನು ಕೊಟ್ಟು ಲೆಕ್ಕ ತೀರಿಸಬೇಕೆಂದೂ ನಿಯಮಿಸಿ, 1772ನೆಯ ಅಕ್ಟೋಬರ್ 7ರಂದು ದೇಹವನ್ನು ಬಿಟ್ಟನು. ಮನೆಯಿಂದ ಸಾವಿರಾರು ಮೈಲಿ ದೂರದ ಆ ನಗರದಲ್ಲಿಯೇ ಸಮಾಧಿಯಾಯಿತು. ಎರಡು ವರ್ಷಗಳ ಮೇಲೆ, 1774ರಲ್ಲಿ, ಆತನ ದಿನಚರಿಯು ಫಿಲಡೆಲ್ಫಿಯದಲ್ಲಿ ಅಚ್ಚಾಗಿ ಹೊರಬಂದಿತು. 1776ರಲ್ಲಿ ಅದೇ ನಗರದ ವಾರ್ಷಿಕ ಸಭೆಯು, ಗುಲಾಮರನ್ನು ಬಿಡುಗಡೆ ಮಾಡಲೊಪ್ಪದವರಿಗೆ ತಮ್ಮ ಸಂಘದಲ್ಲಿ ಸ್ಥಾನವಿಲ್ಲವೆಂದು ನಿರ್ಣಯವನ್ನು ಬರೆಯಿತು.